ಇಳಿತದ ಹೊತ್ತಿಗೆ ಪಡುಕೆರೆಯಲ್ಲಿ

ನನ್ನ ವಿಡಿಯೊದ ಈ ದೃಶ್ಯದಲ್ಲಿ ಕತ್ತಲು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಆದರೂ ತೆಗೆದುಹಾಕಲು ಮನಸ್ಸು ಬರಲಿಲ್ಲ. ಸ್ವಲ್ಪ ಕಿವಿಗೊಟ್ಟು ಕೇಳಿ. ಎಡಕ್ಕೆ ಗಾಳಿಮರಗಳ ಸದ್ದು, ಬಲಕ್ಕೆ ಕಡಲು, ನಡುವೆ ಹನ್ನೊಂದು ಜೊತೆ ಪಾದಗಳು. ದೂರದಲ್ಲಿ ಮಿಂಚಿ ಮರೆಯಾಗುತ್ತಿರುವುದು ಕಾಪುವಿನ ದೀಪಸ್ತಂಭದ ಬೆಳಕು. 1901ರಿಂದ ಬಂಡೆಯ ಮೇಲೆ ನಿಂತು ದೋಣಿಗಳಿಗೆ ದಾರಿ ತೋರಿಸುತ್ತಿರುವ ದೀಪ ಅದು. ಅಂದು ನಮಗೂ ಅದೇ ದಿಕ್ಕು. ಫೆಬ್ರವರಿಯ ಒಂದು ಶುಕ್ರವಾರ, ಬೆಳಗಿನ ಜಾವ ಐದೂಮುಕ್ಕಾಲು, ಉಡುಪಿಯ ಪಡುಕೆರೆ.

ಪಡುಕೆರೆ ನೋಡದವರಿಗೆ ಎರಡು ಮಾತು. ಮಲ್ಪೆ ಬಂದರಿನ ಪಕ್ಕದ ಸೇತುವೆ ದಾಟಿ ದಕ್ಷಿಣಕ್ಕೆ ತಿರುಗಿದರೆ ನೆಲ ಇದ್ದಕ್ಕಿದ್ದಂತೆ ಕಿರಿದಾಗುತ್ತದೆ. ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಉದ್ಯಾವರ ಹೊಳೆ. ನಡುವಿನ ಪಟ್ಟಿಯಲ್ಲಿ ತೆಂಗಿನ ಮರಗಳು, ಮನೆಗಳು, ಒಣಗಲು ಹರಡಿದ ಬಲೆಗಳು, ಒಂದೇ ಒಂದು ರಸ್ತೆ. ಆ ರಸ್ತೆಯ ಬದಿಯ ಹಂಚಿನ ಮನೆಯೊಂದರಲ್ಲಿ ನಮ್ಮ ಮೂರು ದಿನಗಳ ಓಟದ ಶಿಬಿರ. ಬಂದವರೆಲ್ಲ 35 ದಾಟಿದವರು. ಎಲ್ಲರಿಗಿಂತ ಹಿರಿಯರು 67 ವರ್ಷದ ನಿವೃತ್ತ ಮೇಷ್ಟ್ರು.

ನಾನು ಸುರತ್ಕಲ್‌ನವಳು. ವಯಸ್ಸು 46, ಮಂಗಳೂರಿನ ಒಂದು ಬ್ಯಾಂಕಿನಲ್ಲಿ ಕೆಲಸ. ಓಡಲು ಶುರು ಮಾಡಿ ಆರು ವರ್ಷವಾಯಿತು. ಈ ಆರು ವರ್ಷಗಳಲ್ಲಿ ಓಡಿ ಬಂದ ಮೇಲೆ ಒಂದು ದಿನವೂ ಕುಳಿತವಳಲ್ಲ. ಬೂಟಿನ ದಾರ ಬಿಚ್ಚುವ ಮೊದಲೇ ಕುಕ್ಕರ್ ಒಲೆಯ ಮೇಲೆ ಇರುತ್ತಿತ್ತು. ನಾನು ಓಡುವುದಕ್ಕೆ ಮನೆಯಲ್ಲಿ ಯಾರ ಅಡ್ಡಿಯೂ ಇಲ್ಲ, ಆದರೆ ಆ ಒಂದು ಗಂಟೆಯನ್ನು ದಿನದಿಂದ ಕದ್ದು ತಂದಿದ್ದೇನೆ ಎಂಬ ಭಾವನೆ ನನ್ನೊಳಗೇ ಇತ್ತು. ಕಳೆದ ಮಳೆಗಾಲದಲ್ಲಿ ಬಲಗಾಲಿನ ಹಿಮ್ಮಡಿ ನೋಯತೊಡಗಿತು. ಹಿಮ್ಮಡಿಯ ಮೇಲೆ ಕೈಗೆ ಸಿಗುವ ಆ ದಪ್ಪ ಹುರಿಯನ್ನು ನಾವು ಸುಮ್ಮನೆ ನರ ಎನ್ನುತ್ತೇವೆ, ವೈದ್ಯರು ಅಕಿಲಿಸ್ ಸ್ನಾಯುರಜ್ಜು ಎನ್ನುತ್ತಾರೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದೇ ನಡೆಯುತ್ತಿದ್ದೆ. ಓಟ ನಿಂತೇಹೋದರೆ ಎಂಬ ಭಯ ನನ್ನನ್ನು ಇಲ್ಲಿಗೆ ಕರೆತಂದಿತು.

ಇಲ್ಲಿ ಓಟದ ಸಮಯವನ್ನು ಗೊತ್ತುಮಾಡುವುದು ಕಡಲು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ. ಅಮಾವಾಸ್ಯೆ ಕಳೆದು ಎರಡೇ ದಿನವಾಗಿದ್ದರಿಂದ ನೀರು ಚೆನ್ನಾಗಿ ಹಿಂದೆ ಸರಿಯುತ್ತಿತ್ತು. ಶುಕ್ರವಾರದ ಇಳಿತ ಆರಕ್ಕೆ, ಶನಿವಾರ ಏಳಕ್ಕೆ ಹತ್ತು ನಿಮಿಷ ಇರುವಾಗ, ಭಾನುವಾರ ಏಳು ನಲವತ್ತಕ್ಕೆ. ನಾವು ಎದ್ದದ್ದೂ ಅದೇ ಲೆಕ್ಕದಲ್ಲಿ. ನೀರು ಆಗಷ್ಟೇ ಬಿಟ್ಟುಹೋದ ಮರಳು ಗಟ್ಟಿಯಾಗಿ, ಮಟ್ಟಸವಾಗಿ ಇರುತ್ತದೆ. ನೋಡಿ, ಇದು ನನ್ನ ಹೆಜ್ಜೆ. ಬೆರಳಚ್ಚಿನಷ್ಟು ಆಳವೂ ಇಲ್ಲ. ಹತ್ತು ಮಾರು ಮೇಲಿನ ಒಣಮರಳಲ್ಲಾದರೆ ಪಾದ ಮುಳುಗುತ್ತದೆ. ಬೆಲ್ಜಿಯಂನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸಡಿಲ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ 1.6 ಪಟ್ಟು ಶಕ್ತಿ ಬೇಕು. ಗಟ್ಟಿ ನೆಲದಲ್ಲಿ ಹಿಮ್ಮಡಿಯ ಹುರಿ ಸ್ಪ್ರಿಂಗಿನಂತೆ ಹಿಗ್ಗಿ, ಹೀರಿದ ಶಕ್ತಿಯನ್ನು ಮುಂದಿನ ಹೆಜ್ಜೆಗೆ ಹಿಂತಿರುಗಿಸುತ್ತದೆ. ಮರಳು ಜಾರಿದಾಗ ಆ ಉಳಿತಾಯದ ಬಹುಪಾಲು ಮರಳಿಗೇ ಹೋಗುತ್ತದೆ. ಕಡಲ ತೀರ ಮೆತ್ತಗಿರುತ್ತದೆ, ಕಾಲಿಗೆ ಒಳ್ಳೆಯದು ಎಂದು ನಾನು ಇಷ್ಟು ದಿನ ಒಣಮರಳಲ್ಲೇ ಓಡುತ್ತಿದ್ದೆ. ನೋವಿರುವ ಹಿಮ್ಮಡಿಗೆ ಅದೇ ಹೆಚ್ಚಿನ ಹೊರೆ.

ಇನ್ನೊಂದು ಸಂಗತಿ ತೀರದ ಇಳಿಜಾರು. ದಕ್ಷಿಣಕ್ಕೆ ಓಡುವಾಗ ಕಡಲು ಬಲಕ್ಕಿರುತ್ತದೆ, ಬಲಗಾಲು ಸದಾ ತಗ್ಗಿನಲ್ಲಿ. ಹಾಗಾಗಿ ಪಕ್ಕದೂರು ಮಟ್ಟುವಿನ ಕಡೆಗೆ ಎಷ್ಟು ಹೋದೆವೋ ಅಷ್ಟೇ ದೂರ ಅದೇ ಮರಳಿನಲ್ಲಿ ವಾಪಸು. ವೇಗದ ಲೆಕ್ಕ ಯಾರಿಗೂ ಇರಲಿಲ್ಲ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಉಸಿರು ಸಾಲಬೇಕು, ಅಷ್ಟೇ ನಿಯಮ. ಕುಂದಾಪುರದಿಂದ ಬಂದಿದ್ದ ಅಕ್ಕ ತಮ್ಮ ಮಗಳ ಮದುವೆಯ ಕತೆಯನ್ನು ಹೋಗುವಾಗ ಶುರು ಮಾಡಿ ಬರುವಾಗ ಮುಗಿಸಿದರು.

ಓಟಕ್ಕೆ ಮೊದಲು ಮತ್ತು ನಂತರ ಎಲ್ಲರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. 50 ನಿಮಿಷದಲ್ಲಿ ನನ್ನ ತೂಕ 900 ಗ್ರಾಂ ಇಳಿದಿತ್ತು, ಅಂದರೆ ಹೆಚ್ಚುಕಡಿಮೆ ಅಷ್ಟೇ ನೀರು. ಫೆಬ್ರವರಿಯ ತಂಪಿನಲ್ಲೂ ಹೀಗೆ. ನಮ್ಮ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ಮೈ ಇನ್ನಷ್ಟು ಬೆವರುತ್ತದೆ.

ಆಮೇಲೆ ಬಂದದ್ದು ಗಂಜಿ. ಇದನ್ನು ಹತ್ತಿರದಿಂದ ತೋರಿಸಲೇಬೇಕು. ಕುಚ್ಚಲಕ್ಕಿಯ ಬಿಸಿ ಗಂಜಿ, ಮೇಲೆ ಉಪ್ಪು, ಪಕ್ಕದಲ್ಲಿ ತಿಮರೆ (ಒಂದೆಲಗ) ಚಟ್ನಿ, ಒಂದು ಮಿಡಿ ಉಪ್ಪಿನಕಾಯಿ. ಬೆವರಿನಲ್ಲಿ ಹೋದ ನೀರು, ಉಪ್ಪು, ಕಾಲು ಖರ್ಚು ಮಾಡಿದ ಪಿಷ್ಟ, ಎಲ್ಲವೂ ಒಂದೇ ಬಟ್ಟಲಿನಲ್ಲಿ. ಬಟ್ಟಲು ಖಾಲಿಯಾದದ್ದೇ ಅಭ್ಯಾಸದಂತೆ ಎದ್ದೆ, ತೊಳೆಯಲು. ಅಡುಗೆಮನೆಯ ಅಮ್ಮ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, “ನೀವು ಕೂತುಕೊಳ್ಳಿ. ಈಗಷ್ಟೇ ಓಡಿ ಬಂದದ್ದಲ್ಲವಾ?” ಎಂದರು. ನನಗೆ ಗಂಟಲು ಕಟ್ಟಿತು. ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ನನಗೆ ಹೇಳಿಕೊಂಡಿರಲಿಲ್ಲ.

ಕಾಲು ಚಾಚಿ ಕುಳಿತಿದ್ದಾಗಲೇ ಶಿಬಿರ ನಡೆಸುವ ಫಿಸಿಯೋಥೆರಪಿಸ್ಟ್ ವಿವರಿಸಿದರು. ಸ್ನಾಯುರಜ್ಜಿನ ಮುಖ್ಯ ದ್ರವ್ಯ ಕೊಲಾಜೆನ್ ಎಂಬ ಪ್ರೋಟೀನ್. ಗಟ್ಟಿ ವ್ಯಾಯಾಮದ ನಂತರ ಹಳೆಯದು ಕಳಚುವುದೂ ಹೊಸದು ಕಟ್ಟುವುದೂ ಒಟ್ಟಿಗೆ ಶುರುವಾಗುತ್ತವೆ. ಆದರೆ ಮೊದಲ 24ರಿಂದ 36 ಗಂಟೆಗಳವರೆಗೆ ಕಳಚುವುದೇ ಹೆಚ್ಚು, ಕಟ್ಟುವಿಕೆ ಮೇಲುಗೈ ಪಡೆಯುವುದು ಅದರ ನಂತರ. ದಿನವೂ ಜೋರಾಗಿ ಓಡಿದರೆ ಕಟ್ಟಲು ಹೊತ್ತೇ ಸಿಗುವುದಿಲ್ಲ. ನಾನು ಶಿಸ್ತು ಎಂದುಕೊಂಡಿದ್ದದ್ದು ಇದನ್ನೇ, ವಾರಕ್ಕೆ ಆರು ದಿನ, ಎಲ್ಲವೂ ಏದುಸಿರಿನ ಓಟ. ಅವರು ನನ್ನನ್ನು ಬೈಯಲಿಲ್ಲ. ಮನೆಯ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಒಂದು ವ್ಯಾಯಾಮ ಕಲಿಸಿದರು. ಮೆಟ್ಟಿಲಂಚಿನಲ್ಲಿ ಪಾದದ ಮುಂಭಾಗ, ಎರಡೂ ಕಾಲಿನಿಂದ ಮೇಲೇರಿ, ನೋವಿರುವ ಕಾಲಿನ ಹಿಮ್ಮಡಿಯನ್ನು ಮೆಲ್ಲಗೆ ಕೆಳಗೆ ಇಳಿಸುವುದು. 15 ಬಾರಿ, ಮೂರು ಸುತ್ತು, ಮಂಡಿ ನೇರವಿಟ್ಟು. ಮಂಡಿ ಬಾಗಿಸಿ ಮತ್ತೆ ಅಷ್ಟೇ. ದಿನಕ್ಕೆ ಎರಡು ಹೊತ್ತು, ಹನ್ನೆರಡು ವಾರ. ಸ್ವೀಡನ್ನಿನ ವೈದ್ಯ ಹೋಕನ್ ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು 1998ರಲ್ಲಿ ಇದನ್ನು ಪ್ರಕಟಿಸಿದಾಗ ಅವರ ಬಳಿ ಇದ್ದದ್ದು 15 ಹವ್ಯಾಸಿ ಕ್ರೀಡಾಪಟುಗಳು, ಸರಾಸರಿ ವಯಸ್ಸು 44. ಹನ್ನೆರಡು ವಾರದ ನಂತರ ಎಲ್ಲರೂ ಓಟಕ್ಕೆ ಮರಳಿದ್ದರು. ನನ್ನದೇ ವಯಸ್ಸಿನವರು! ಅಂದು ಮಧ್ಯಾಹ್ನ ಗಾಳಿಮರದ ನೆರಳಿನಲ್ಲಿ ಎರಡು ಗಂಟೆ ನಿದ್ದೆ ಮಾಡಿದೆ. ಅದರ ಚಿತ್ರೀಕರಣವಿಲ್ಲ.

ಶನಿವಾರದ ಓಟಕ್ಕಿಂತ ಆಮೇಲಿನ ಅರ್ಧ ಗಂಟೆ ನನಗೆ ಮುಖ್ಯ. ವಾಪಸು ಬರುವಾಗ ತೀರದಲ್ಲಿ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಅರ್ಧಚಂದ್ರದಂತೆ ಬಲೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುವ ಮೀನುಗಾರಿಕೆ ಇದು. ಕೇಳಿದೆವು, ಹಗ್ಗದಲ್ಲಿ ನಮಗೂ ಜಾಗ ಕೊಟ್ಟರು. ಹಿಮ್ಮಡಿ ಊರಿ, ಮೈಯ ಭಾರವನ್ನು ಹಿಂದಕ್ಕೆ ಬಿಟ್ಟು, ಒಂದೊಂದೇ ಹೆಜ್ಜೆ. ಅವಸರ ಮಾಡಿದರೆ ಎರಡು ತುದಿಗಳ ಸಮ ತಪ್ಪುತ್ತದೆ. ಬಲೆ ದಡಕ್ಕೆ ಬಂದಾಗ ಒಳಗೆ ಬೂತಾಯಿ, ಒಂದಿಷ್ಟು ಬಂಗುಡೆ. ನಾನು ಬುಟ್ಟಿಗೆ ತುಂಬಲು ಬಗ್ಗಿದೆ. ಹಗ್ಗ ಎಳೆದ ಗಂಡಸರು, ಹೆಂಗಸರು ಆಗಲೇ ದೋಣಿಯ ನೆರಳಿಗೆ ಒರಗಿದ್ದರು. ಅವರಲ್ಲಿ ಹಿರಿಯ ಹೆಂಗಸು ಪಕ್ಕದ ಮರಳನ್ನು ತಟ್ಟಿ ತೋರಿಸಿದರು. “ಬನ್ನಿ ಅಕ್ಕ, ಕೂತುಕೊಳ್ಳಿ. ಮೀನು ಇನ್ನು ಎಲ್ಲಿಗೂ ಹೋಗುವುದಿಲ್ಲ.” ಕುಳಿತೆ. ನೀವು ಈಗ ನೋಡುತ್ತಿರುವುದು ಅದೇ. ಯಾರೂ ಮಾತಾಡುತ್ತಿಲ್ಲ, ನನ್ನ ಕಾಲು ಮರಳಿನಲ್ಲಿದೆ, ಮೇಲೆ ಗರುಡ ಒಂದು ಸುತ್ತು ಹಾಕುತ್ತಿದೆ.

ಭಾನುವಾರ ನಾನು ಓಡಲಿಲ್ಲ. ನೀರಂಚಿನಲ್ಲಿ ಮೇಷ್ಟ್ರ ಜೊತೆ ನಡೆದೆ. ಮಧ್ಯಾಹ್ನ ಮಟ್ಟುಗುಳ್ಳದ ಸಾಂಬಾರು ಮಾಡಿದ್ದರು, ಪಕ್ಕದ ಮಟ್ಟುವಿನ ಮರಳು ಮಿಶ್ರಿತ ಮಣ್ಣಿನಲ್ಲೇ ಬೆಳೆದ ಹಸಿರು ಗುಂಡು ಬದನೆ. ಎರಡು ಸಲ ಬಡಿಸಿಕೊಂಡೆ.

ಸೋಮವಾರ ಬೆಳಿಗ್ಗೆ ಮನೆಯ ಮೆಟ್ಟಿಲಲ್ಲಿ ಹಿಮ್ಮಡಿ ಇಳಿಸಿ ಮುಗಿಸಿ, ಅಲ್ಲೇ ಕುಳಿತು ಒಂದು ಲೋಟ ಚಹಾ ಪೂರ್ತಿ ಕುಡಿದೆ. ಅಕ್ಕಿಯನ್ನು ಮನೆಯವರು ಇಟ್ಟರು, ನಾನು ಕೇಳಿದ್ದಕ್ಕೆ. ಎಂಟೂವರೆಗೆ ಬಸ್ಸು ಕೂಳೂರು ಸೇತುವೆಯ ಮೇಲೆ ನಿಧಾನವಾಯಿತು. ಕೆಳಗೆ ಫಲ್ಗುಣಿಯ ದಡದ ಕೆಸರು ತೆರೆದುಕೊಂಡಿತ್ತು, ಅದರ ಮೇಲೆ ಬೆಳ್ಳಕ್ಕಿಗಳು ನಿಂತಿದ್ದವು. ಇಷ್ಟು ವರ್ಷ ದಾಟಿದ ಸೇತುವೆ. ಇಳಿತ ಹೊಳೆಯೊಳಗೂ ಬರುತ್ತದೆ ಎಂದು ಕಿಟಕಿಯಿಂದ ನೋಡಿ ತಿಳಿದದ್ದು ಅಂದೇ. ಪಡುಕೆರೆಯಲ್ಲಿ ಈಗ ಗಟ್ಟಿಮರಳು ಬಿಟ್ಟುಕೊಂಡಿರುತ್ತದೆ ಎಂದು ಗಡಿಯಾರ ನೋಡದೆಯೇ ಗೊತ್ತಾಯಿತು.