ಸ್ಪ್ಯಾನರ್ ಹಿಡಿದವನು ಕಂಡ ಗಗನನೌಕೆಗಳು

ಕೇಳುಗರಿಗೆ ನಮಸ್ಕಾರ.

ವಿಮಾನದ ಹ್ಯಾಂಗರಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು ನಾನು. ಹಾರಿಸುವ ಕೆಲಸ ನನ್ನದಾಗಿರಲಿಲ್ಲ. ಬಿಚ್ಚುವುದು, ಒರೆಸುವುದು, ಸವೆದದ್ದನ್ನು ಬದಲಿಸುವುದು, ಮತ್ತೆ ಜೋಡಿಸಿ ಪುಸ್ತಕದಲ್ಲಿ ಸಹಿ ಹಾಕುವುದು, ಇಷ್ಟೇ. ಅಷ್ಟು ವರ್ಷ ಅದನ್ನೇ ಮಾಡಿದ್ದರಿಂದ ನನ್ನ ಕಣ್ಣಿಗೆ ಒಂದು ಅಭ್ಯಾಸ ಅಂಟಿಕೊಂಡಿದೆ. ಸಿನಿಮಾದಲ್ಲಿ ಎಂಥದೇ ಗಗನನೌಕೆ ತೇಲಿ ಬರಲಿ, ಇದು ಕೆಟ್ಟು ನಿಂತರೆ ರಿಪೇರಿ ಮಾಡುವವನು ಎಲ್ಲಿ ನಿಲ್ಲುತ್ತಾನೆ, ಅವನ ಕೈ ಒಳಗೆ ಹೋಗುತ್ತದೆಯೇ ಎಂದು ಹುಡುಕುತ್ತೇನೆ. ನನಗೆ ಇಷ್ಟವಾದ ನೌಕೆಗಳೆಲ್ಲ ಈ ಪ್ರಶ್ನೆಗೆ ಏನಾದರೊಂದು ಉತ್ತರ ಕೊಟ್ಟಂಥವು. ಇವತ್ತು ನಿಮ್ಮ ಜೊತೆ ಮಾತಾಡಬೇಕೆಂದಿರುವುದು ಅವುಗಳ ಬಗ್ಗೆ.

ಮೊದಲು ನೋಡಿದ್ದು ಎಂಟರ್‌ಪ್ರೈಸ್. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಧಾರಾವಾಹಿ ಬರುತ್ತಿತ್ತು, ಅದರ ನೌಕೆ ಇದು. ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ಎರಡೇ ಮನೆಯಲ್ಲಿ, ಎರಡೂ ಕಪ್ಪು ಬಿಳುಪು. ಆ ನಾವಿಕರ ಅಂಗಿಗಳು ಹಳದಿ, ನೀಲಿ, ಕೆಂಪು ಎಂದು ನನಗೆ ತಿಳಿದದ್ದೇ ಎಷ್ಟೋ ವರ್ಷಗಳ ಮೇಲೆ. ಆದರೆ ನೌಕೆಯ ಆಕಾರ ಅವತ್ತೇ ಮನಸ್ಸಿನಲ್ಲಿ ಕೂತುಬಿಟ್ಟಿತು. ಮುಂದೆ ದೊಡ್ಡದೊಂದು ತಟ್ಟೆ, ಅದರ ಕೆಳಗೆ ಕೊಳವೆಯಂಥ ಒಡಲು, ಹಿಂದೆ ಎರಡು ಕಂಬಗಳ ತುದಿಯಲ್ಲಿ ಉದ್ದುದ್ದ ಎಂಜಿನ್‌ಗಳು. ರೆಕ್ಕೆ ಇಲ್ಲ, ಬಾಲದಲ್ಲಿ ಬೆಂಕಿ ಇಲ್ಲ.

ಇದನ್ನು ರೂಪಿಸಿದವರು ಮ್ಯಾಟ್ ಜೆಫ್ರೀಸ್. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳಲ್ಲಿ ಹಾರಿ ಬಂದ ಮನುಷ್ಯ. ಧಾರಾವಾಹಿ ಸೃಷ್ಟಿಸಿದ ಜೀನ್ ರಾಡೆನ್‌ಬೆರಿ ಅವರಿಗೆ ಹೇಳಿದ್ದೆಲ್ಲ ಏನೇನು ಇರಬಾರದು ಎಂದೇ: ರೆಕ್ಕೆ ಬೇಡ, ರಾಕೆಟ್ ಬೇಡ, ಹೊಗೆ ಬೇಡ. ಉಳಿದದ್ದನ್ನು ಜೆಫ್ರೀಸ್ ಯೋಚಿಸಿದ್ದು ವಿಮಾನದವನ ತಲೆಯಿಂದ. ಇಷ್ಟು ಬಲವಾದ ಎಂಜಿನ್ ಇದ್ದರೆ ಅದರ ಪಕ್ಕದಲ್ಲಿ ಜನ ಮಲಗಲಾರರು, ಆದ್ದರಿಂದ ದೂರ ಇಡೋಣ ಎಂದರು. ಆಮೇಲೆ, ನಾನು ಓದಿ ಎದ್ದು ನಿಂತ ಮಾತು: ನೌಕೆಯ ಮೈ ನುಣ್ಣಗಿರಬೇಕು, ಯಂತ್ರಗಳೆಲ್ಲ ಒಳಗಿರಬೇಕು, ಏಕೆಂದರೆ ಹೊರಗಿನ ಶೂನ್ಯದಲ್ಲಿ ನೇತಾಡಿಕೊಂಡು ರಿಪೇರಿ ಮಾಡುವ ಕಷ್ಟ ಯಾರಿಗೂ ಬೇಡ. ನೋಡುವವರಿಗೆ ಆ ನುಣುಪು ಬರೀ ಚೆಲುವು. ಅದರ ಹಿಂದೆ ಇದ್ದದ್ದು ಕೆಲಸಗಾರನ ಪ್ರಾಣದ ಮೇಲಿನ ಕಾಳಜಿ.

ಆ ನೌಕೆಯೊಳಗೆ ಎಂಜಿನಿಯರ್ ಸ್ಕಾಟಿ ಓರೆಯಾಗಿ ಹತ್ತಿ ಒರಗಿಕೊಂಡು ಕೆಲಸ ಮಾಡುವ ಒಂದು ಇಕ್ಕಟ್ಟಾದ ಕೊಳವೆ ಇದೆ. ಚಿತ್ರತಂಡದವರು ಅದಕ್ಕೆ ಪ್ರೀತಿಯಿಂದ ಜೆಫ್ರೀಸ್ ಟ್ಯೂಬ್ ಎಂದು ಕರೆದರು, ಹೆಸರು ಹಾಗೇ ಉಳಿಯಿತು. ಮೊಣಕೈ ತರಚಿಕೊಳ್ಳುವಂಥ ಜಾಗಕ್ಕೆ ವಿನ್ಯಾಸಕಾರನ ಹೆಸರು ಸಂದಿದೆ. ಇದಕ್ಕಿಂತ ದೊಡ್ಡ ಗೌರವ ನನಗಂತೂ ಕಾಣುವುದಿಲ್ಲ.

ನೌಕೆಯ ಮೇಲಿನ ಸಂಖ್ಯೆ ಎನ್‌ಸಿಸಿ 1701. ಅಮೆರಿಕದ ನಾಗರಿಕ ವಿಮಾನಗಳ ಮೇಲೆ ಹಿಂದೆ ಎನ್‌ಸಿ ಎಂದು ಬರೆಯುತ್ತಿದ್ದರು, ಅದಕ್ಕೆ ಇನ್ನೊಂದು ಸಿ ಸೇರಿತು. 3, 6, 8, 9 ಈ ಅಂಕಿಗಳು ದೂರದಿಂದ ಒಂದರಂತೆ ಒಂದು ಕಾಣುತ್ತವೆ ಎಂದು ಜೆಫ್ರೀಸ್ ಅವನ್ನು ಬಿಟ್ಟರು. ರನ್‌ವೇಯ ಆ ತುದಿಯಲ್ಲಿ ನಿಂತ ವಿಮಾನದ ನಂಬರ್ ಓದಲು ಕಣ್ಣು ಕಿರಿದು ಮಾಡಿದವರಿಗೆ ಇದರ ಬೆಲೆ ಗೊತ್ತು.

ಚಿತ್ರೀಕರಣಕ್ಕೆ ಬಳಸಿದ ಹನ್ನೊಂದು ಅಡಿ ಉದ್ದದ ಮಾದರಿ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಿಮಾನ ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿದೆ. 1974ರಲ್ಲಿ ಅಲ್ಲಿಗೆ ಬಂತು, 2016ರಲ್ಲಿ ಅದರ ದುರಸ್ತಿ ಮುಗಿಯಿತು. ಅದರ ಎಡಮಗ್ಗುಲು ಪೂರ್ಣವಾಗಿಲ್ಲ. ಒಳಗಿನ ದೀಪಗಳಿಗೆ ವೈರುಗಳು ಹೋಗುತ್ತಿದ್ದದ್ದು ಆ ಕಡೆಯಿಂದ, ಹಾಗಾಗಿ ಕ್ಯಾಮೆರಾ ಸದಾ ಬಲಗಡೆಯೇ ಇರುತ್ತಿತ್ತು. ಎಡಗಡೆ ತೋರಿಸಲೇಬೇಕಾದಾಗ ಅಕ್ಷರಗಳನ್ನು ತಿರುಗುಮುರುಗಾಗಿ ಅಂಟಿಸಿ, ಚಿತ್ರ ತೆಗೆದು, ಫಿಲ್ಮನ್ನೇ ಮಗುಚುತ್ತಿದ್ದರು. ಅದನ್ನು ಪೂರ್ತಿ ಮಾಡಲು ಹೋಗದೆ, ಇದ್ದ ಹಾಗೆಯೇ ಕಾಪಾಡಿದ್ದಾರಲ್ಲ, ಅದು ನನಗೆ ಬಹಳ ಹಿಡಿಸಿತು.

ಎರಡನೆಯದು ಡಿಸ್ಕವರಿ. 1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಮತ್ತು ಆರ್ಥರ್ ಕ್ಲಾರ್ಕ್ ಸೇರಿ ಮಾಡಿದ 2001: ಎ ಸ್ಪೇಸ್ ಒಡಿಸ್ಸಿ ಚಿತ್ರದ ನೌಕೆ. ಮುಂದೆ ಒಂದು ಬಿಳಿ ಗೋಳ, ಅದರಲ್ಲಿ ಮನುಷ್ಯರು. ಹಿಂದೆ ಪರಮಾಣು ಎಂಜಿನ್. ನಡುವೆ ಉದ್ದನೆಯ ಬೆನ್ನೆಲುಬು, ಯಾಕೆಂದರೆ ಪರಮಾಣು ಎಂಜಿನ್ನಿನಿಂದ ಎಷ್ಟು ದೂರವಿದ್ದರೆ ಅಷ್ಟು ಕ್ಷೇಮ. ಮುಖ್ಯ ಮಾದರಿಯೇ 54 ಅಡಿ ಉದ್ದವಿತ್ತು.

ತೂಕವಿಲ್ಲದ ಕಡೆ ಕಾಲು ನೆಲದ ಮೇಲೆ ನಿಲ್ಲಲೆಂದು ನೌಕೆಯೊಳಗೆ ಚಕ್ರದಂತೆ ತಿರುಗುವ ಕೋಣೆಯೊಂದಿದೆ, ಅದನ್ನು ನೆನೆಸಿಕೊಳ್ಳಿ. ನಿಜವಾಗಿಯೂ 38 ಅಡಿ ವ್ಯಾಸದ ಒಂದು ಉಕ್ಕಿನ ಚಕ್ರ ಕಟ್ಟಿದ್ದರು. ಕಟ್ಟಿದ್ದು ವಿಮಾನ ತಯಾರಿಸುತ್ತಿದ್ದ ಬ್ರಿಟನ್ನಿನ ವಿಕರ್ಸ್ ಕಂಪನಿ. ನಟ ಓಡುತ್ತಿದ್ದ ಹಾಗೆ ಚಕ್ರ ಅವನ ಕಾಲಡಿ ತಿರುಗುತ್ತಿತ್ತು, ಅವನು ಮಾತ್ರ ಸದಾ ತಳದಲ್ಲೇ. ಒಂದು ದೃಶ್ಯಕ್ಕಾಗಿ ಇನ್ನೊಬ್ಬ ನಟನನ್ನು ಕುರ್ಚಿಗೆ ಬಿಗಿದು ತಲೆಕೆಳಗಾಗಿ ಕೂರಿಸಿದ್ದರು. ನಾನು ಒಮ್ಮೆ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಆ ಚಕ್ರದ ತ್ರಿಜ್ಯ 19 ಅಡಿ. ಆರು ಅಡಿ ಎತ್ತರದವನು ನಿಂತರೆ ಅವನ ತಲೆ ನಡುಬಿಂದುವಿನಿಂದ 13 ಅಡಿ ದೂರದಲ್ಲಿರುತ್ತದೆ. ಅಂದರೆ ತಿರುಗುವುದರಿಂದ ಹುಟ್ಟುವ ಭಾರ ಪಾದದಲ್ಲಿ ಮೂರು ಪಾಲಿದ್ದರೆ ತಲೆಯಲ್ಲಿ ಸುಮಾರು ಎರಡು ಪಾಲು. ಒಳಕಿವಿಗೆ ಅದು ಸುಲಭದ ಮಾತಲ್ಲ. ನಿಜವಾದ ನೌಕೆಗೆ ಇನ್ನೂ ಬಹಳ ದೊಡ್ಡ ಚಕ್ರ ಬೇಕಾಗುತ್ತದೆ.

ಆದರೆ ನನ್ನನ್ನು ಹಿಡಿದಿಟ್ಟದ್ದು ಬೇರೆ ದೃಶ್ಯ. ಭೂಮಿಯ ಜೊತೆ ಮಾತಾಡುವ ಆಂಟೆನಾದ ಒಂದು ಭಾಗ 72 ಗಂಟೆಯೊಳಗೆ ಕೆಡುತ್ತದೆ ಎಂದು ಹ್ಯಾಲ್ ಎಂಬ ಕಂಪ್ಯೂಟರ್ ಹೇಳುತ್ತದೆ. ಗಗನಯಾತ್ರಿ ಹೊರಗೆ ಹೋಗಿ ಅದನ್ನು ಬಿಚ್ಚಿ ತರುತ್ತಾನೆ. ಬೆಂಚಿನ ಮೇಲಿಟ್ಟು ಪರೀಕ್ಷೆ ಮಾಡುತ್ತಾರೆ. ಏನೂ ದೋಷವಿಲ್ಲ. ಆಗ ಹ್ಯಾಲ್, ಅದನ್ನು ಮತ್ತೆ ಹಾಕಿ ಕೆಡುವವರೆಗೆ ಬಿಡೋಣ ಎನ್ನುತ್ತದೆ. ಪ್ರೇಕ್ಷಕರಿಗೆ ಇದು ಕಥೆಯ ತಿರುವು. ನಮ್ಮ ಕೆಲಸದವರಿಗೆ ಇದು ದಿನನಿತ್ಯದ ಸಂಕಟ. ಪೈಲಟ್ ದೋಷ ಬರೆದಿರುತ್ತಾರೆ, ನೆಲದ ಮೇಲೆ ಎಷ್ಟು ಸಲ ನೋಡಿದರೂ ಎಲ್ಲ ಸರಿ ಇರುತ್ತದೆ. ಭಾಗ ಬದಲಿಸಬೇಕೋ, ಅದನ್ನೇ ಹಾಕಿ ಕಳಿಸಬೇಕೋ? ಆ ಮೌನದಲ್ಲಿ ನಾನು ಎಷ್ಟೋ ಸಲ ನಿಂತಿದ್ದೇನೆ. ಆ ದೃಶ್ಯದಲ್ಲಿ ಇಬ್ಬರು ಗಗನಯಾತ್ರಿಗಳ ಮುಖ ನೋಡುವಾಗಲೆಲ್ಲ ನನಗೆ ಹ್ಯಾಂಗರಿನ ರಾತ್ರಿ ಪಾಳಿ ನೆನಪಾಗುತ್ತದೆ.

ಡಿಸ್ಕವರಿಯಲ್ಲಿ ಒಂದು ಕೊರತೆಯೂ ಇದೆ, ಅದು ತಿಳಿದೇ ಬಿಟ್ಟದ್ದು. ಬಿಸಿ ಕಾಫಿ ಹಾಕಿಡುವ ಫ್ಲಾಸ್ಕ್ ನೋಡಿದ್ದೀರಲ್ಲ? ಎರಡು ಗೋಡೆ, ನಡುವೆ ಗಾಳಿಯಿಲ್ಲದ ಜಾಗ. ಶಾಖಕ್ಕೆ ಹೊರಹೋಗಲು ದಾರಿ ಇಲ್ಲದೆ ಕಾಫಿ ಸಂಜೆವರೆಗೂ ಬಿಸಿ ಇರುತ್ತದೆ. ಗಗನನೌಕೆ ಎಂದರೆ ಒಂದು ದೊಡ್ಡ ಫ್ಲಾಸ್ಕಿನೊಳಗೆ ಕೂತ ಹಾಗೆ, ಸುತ್ತಲೂ ನಿರ್ವಾತ. ಎಂಜಿನ್ನಿನ, ಕಂಪ್ಯೂಟರಿನ, ಮನುಷ್ಯರ ಮೈಯ ಶಾಖವೆಲ್ಲ ಒಳಗೇ ಉಳಿಯುತ್ತದೆ. ಅದನ್ನು ಹೊರಗೆ ಕಳಿಸಲು ಅಗಲವಾದ ಹಲಗೆಗಳು, ಅಂದರೆ ರೇಡಿಯೇಟರ್‌ಗಳು ಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಚಿತ್ರದಲ್ಲಿ ಮಡಚಿ ಬಿಡಿಸಿದಂತಿರುವ ಬಿಳಿ ಹಲಗೆಗಳನ್ನು ಗಮನಿಸಿ. ಅವುಗಳಲ್ಲಿ ಅಮೋನಿಯಾ ಹರಿದು ಶಾಖವನ್ನು ಹೊತ್ತು ತರುತ್ತದೆ. ಡಿಸ್ಕವರಿಗೂ ಅಂಥವನ್ನು ಯೋಚಿಸಿದ್ದರು. ಆದರೆ ಅವು ರೆಕ್ಕೆಗಳಂತೆ ಕಾಣುತ್ತವೆ, ಗಾಳಿಯಿಲ್ಲದ ಕಡೆ ರೆಕ್ಕೆ ಯಾಕೆ ಎಂದು ಜನ ಕೇಳುತ್ತಾರೆ ಎಂದು ಕೈಬಿಟ್ಟರು. ಸರಿಯಾದದ್ದು ತಪ್ಪಾಗಿ ಕಾಣುತ್ತದೆಂಬ ಭಯಕ್ಕೆ ಅದನ್ನು ತೆಗೆದದ್ದು ನನಗೆ ಇವತ್ತಿಗೂ ನೋವಿನ ಸಂಗತಿ.

ಆ ರೇಡಿಯೇಟರ್‌ಗಳು ತೆರೆಗೆ ಬಂದದ್ದನ್ನು ನಾನು ಕಂಡದ್ದು 2009ರಲ್ಲಿ, ಅವತಾರ್ ಚಿತ್ರದ ಮೊದಲ ನಿಮಿಷಗಳಲ್ಲಿ. ಅಲ್ಲಿನ ವೆಂಚರ್ ಸ್ಟಾರ್ ನೌಕೆಯಲ್ಲಿ ದೊಡ್ಡ ರೇಡಿಯೇಟರ್‌ಗಳು ಕೆಂಡದಂತೆ ಹೊಳೆಯುತ್ತವೆ. ಇನ್ನೂ ಚೆಂದವೆಂದರೆ ಅದರ ಎಂಜಿನ್‌ಗಳಿರುವುದು ಮುಂದುಗಡೆ. ಅವು ನೌಕೆಯನ್ನು ತಳ್ಳುವುದಿಲ್ಲ, ಎಳೆಯುತ್ತವೆ. ತೇರನ್ನು ಹಗ್ಗದಿಂದ ಎಳೆಯಬಹುದು, ಹಗ್ಗದಿಂದ ತಳ್ಳಲಾಗುವುದಿಲ್ಲ. ತಳ್ಳಬೇಕಾದರೆ ಬಗ್ಗದ ದಪ್ಪ ತೊಲೆ ಬೇಕು, ಎಳೆಯಲು ತೆಳು ಸಾಕು. ತೂಕ ಉಳಿಯಿತು, ಎಂಜಿನ್ ದೂರವೂ ಆಯಿತು. ಆ ನೌಕೆ ತೆರೆಯ ಮೇಲೆ ಇರುವುದು ಸ್ವಲ್ಪ ಹೊತ್ತು ಮಾತ್ರ. ಜನ ಅದನ್ನು ಮರೆತು ನೀಲಿ ಮನುಷ್ಯರನ್ನಷ್ಟೇ ನೆನಪಿಟ್ಟುಕೊಂಡರು.

ಸ್ಟಾರ್ ವಾರ್ಸ್ ಬಗ್ಗೆ ಹೇಳದೆ ಹೋದರೆ ನನ್ನ ಮೊಮ್ಮಗ ಮುನಿಸಿಕೊಳ್ಳುತ್ತಾನೆ. ಆ ಚಿತ್ರದ ಮಿಲೇನಿಯಂ ಫಾಲ್ಕನ್ ನೌಕೆಗೆ ಮೊದಲು ಬೇರೆಯೇ ಉದ್ದನೆಯ ಆಕಾರವಿತ್ತು. ಅಷ್ಟರಲ್ಲಿ ಬ್ರಿಟನ್ನಿನ ಸ್ಪೇಸ್ 1999 ಎಂಬ ಧಾರಾವಾಹಿಯಲ್ಲಿ ಈಗಲ್ ಎಂಬ ನೌಕೆ ಬಂತು. ಎರಡೂ ಒಂದೇ ಥರ ಕಾಣುತ್ತವೆಂದು ಫಾಲ್ಕನ್‌ಗೆ ತರಾತುರಿಯಲ್ಲಿ ಹೊಸ ರೂಪ ಕೊಟ್ಟರು. ಹಳೆಯ ಆಕಾರವೂ ವ್ಯರ್ಥವಾಗಲಿಲ್ಲ, 1977ರ ಚಿತ್ರದ ಮೊದಲ ದೃಶ್ಯದಲ್ಲೇ ಶತ್ರುಗಳಿಂದ ತಪ್ಪಿಸಿಕೊಂಡು ಓಡುವ ನೌಕೆ ಅದೇ. ಬ್ರಯಾನ್ ಜಾನ್ಸನ್ ಮಾಡಿದ ಈಗಲ್ ಕೂಡ ನನಗೆ ಅಚ್ಚುಮೆಚ್ಚು: ಕಬ್ಬಿಣದ ಸೇತುವೆಯಂತೆ ತೆರೆದ ಚೌಕಟ್ಟು, ನಡುವಿನ ಡಬ್ಬಿಯನ್ನು ಬಿಚ್ಚಿ ಬೇರೆ ಹಾಕಬಹುದು.

ಮಾದರಿ ತಯಾರಕರು ಫಾಲ್ಕನ್‌ನ ಮೈ ತುಂಬಾ ಅಂಗಡಿಯಲ್ಲಿ ಸಿಗುವ ಟ್ಯಾಂಕು, ವಿಮಾನಗಳ ಪ್ಲಾಸ್ಟಿಕ್ ಕಿಟ್‌ಗಳ ಚೂರುಗಳನ್ನು ಅಂಟಿಸಿದರು. ಒಂದೊಂದು ತಗಡೂ ಒಂದೊಂದು ಸಲದ ತೇಪೆಯಂತೆ ಕಾಣುತ್ತದೆ. ಎರಡನೇ ಚಿತ್ರಕ್ಕೆ ವೇಲ್ಸ್‌ನ ಪೆಂಬ್ರೋಕ್ ಡಾಕ್ ಎಂಬಲ್ಲಿ ನಿಜ ಅಳತೆಯ ಫಾಲ್ಕನ್ ಕಟ್ಟಿದರು, ಅದೂ ಒಂದು ಕಾಲದಲ್ಲಿ ಹಾರುವ ದೋಣಿಗಳು, ಅಂದರೆ ನೀರಿನ ಮೇಲಿಳಿಯುವ ವಿಮಾನಗಳು ನಿಲ್ಲುತ್ತಿದ್ದ ಹಳೇ ಹ್ಯಾಂಗರಿನಲ್ಲಿ. ಆ ಹ್ಯಾಂಗರನ್ನು ಒಮ್ಮೆ ನೋಡಬೇಕೆಂಬ ಆಸೆ ಇದೆ.

ಇನ್ನು ನಾಸ್ಟ್ರೋಮೊ. 1979ರ ಏಲಿಯನ್ ಚಿತ್ರ. ಭಯದ ಚಿತ್ರವೆಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಮೊದಲ ಮುಕ್ಕಾಲು ಗಂಟೆ ಅದು ಕೆಲಸದವರ ಚಿತ್ರ. ಎರಡು ಕೋಟಿ ಟನ್ ಅದಿರು ಸಂಸ್ಕರಿಸುವ ಕಾರ್ಖಾನೆಯನ್ನು ಎಳೆದುಕೊಂಡು ಹೋಗುವ ನೌಕೆ, ಏಳೇ ಜನ ಸಿಬ್ಬಂದಿ. ತಗ್ಗಾದ ಛಾವಣಿ, ಪೈಪು, ಸರಪಳಿ, ತೊಟ್ಟಿಕ್ಕುವ ನೀರು. ರಾನ್ ಕಾಬ್ ಎಂಬ ಕಲಾವಿದರು ಪ್ರತಿ ಬಾಗಿಲಿಗೂ ಚಿಹ್ನೆ ಬರೆದರು: ಇಲ್ಲಿ ಒತ್ತಡವಿದೆ, ಇಲ್ಲಿ ಗುರುತ್ವವಿಲ್ಲ ಎಂದು ಓದದೆಯೂ ತಿಳಿಯುವಂತೆ. ಕೆಳಗಿನ ಅಂತಸ್ತಿನಲ್ಲಿ ಪಾರ್ಕರ್ ಮತ್ತು ಬ್ರೆಟ್ ಎಂಬ ಇಬ್ಬರು ಮೆಕ್ಯಾನಿಕ್‌ಗಳು. ಮೇಲಿನವರಿಗೆ ಸಿಗುವ ಪಾಲು ನಮಗೇಕಿಲ್ಲ ಎನ್ನುವುದು ಅವರ ಅಹವಾಲು. ನೌಕೆ ಕೆಟ್ಟಾಗ ಎಷ್ಟು ಹೊತ್ತು ಬೇಕೆಂದು ಮೇಲಿನಿಂದ ಕೇಳುತ್ತಾರೆ. ಬ್ರೆಟ್ 17 ಗಂಟೆ ಎನ್ನುತ್ತಾನೆ, ಪಾರ್ಕರ್ ಮೇಲಿನವರಿಗೆ 25 ಎನ್ನುತ್ತಾನೆ. ಇದನ್ನು ಕೇಳಿ ಚಿತ್ರಮಂದಿರದಲ್ಲಿ ನನ್ನ ಪಕ್ಕ ಕೂತಿದ್ದ ಸಹೋದ್ಯೋಗಿ ನನ್ನ ಮೊಣಕೈ ಅದುಮಿದ. ಇಬ್ಬರೂ ಮಾತಾಡಲಿಲ್ಲ. ಆ ಎಂಟು ಗಂಟೆಯಲ್ಲಿ ಊಟ, ಸಿಗದ ಬೋಲ್ಟು, ಜಾರಿ ಬಿದ್ದ ವಾಷರ್ ಎಲ್ಲ ಸೇರಿರುತ್ತದೆ.

ಕೊನೆಯದು ಇತ್ತೀಚಿನದು. 2015ರಲ್ಲಿ ಶುರುವಾದ ದಿ ಎಕ್ಸ್‌ಪ್ಯಾನ್ಸ್ ಧಾರಾವಾಹಿಯ ರೊಸಿನಾಂಟೆ. ಬಸ್ಸು ಏಕಾಏಕಿ ಹೊರಟರೆ ನಾವು ಹಿಂದಕ್ಕೆ ಒರಗುತ್ತೇವಲ್ಲ, ಎಂಜಿನ್ ನಿಲ್ಲದೆ ಹಾಗೇ ವೇಗ ಹೆಚ್ಚಿಸುತ್ತಾ ಹೋದರೆ ಹಿಂದುಗಡೆಯೇ ನೆಲವಾಗುತ್ತದೆ. ಅದಕ್ಕೆ ಈ ನೌಕೆಯ ಕೋಣೆಗಳು ಹಡಗಿನಂತೆ ಉದ್ದಕ್ಕಿಲ್ಲ, ಕಟ್ಟಡದ ಅಂತಸ್ತುಗಳಂತೆ ಒಂದರ ಮೇಲೊಂದಿವೆ. ತಳದಲ್ಲಿ ಎಂಜಿನ್, ಮೇಲಿನ ಅಂತಸ್ತಿನಲ್ಲಿ ಚಾಲಕ, ನಡುವೆ ಏಣಿ. ಎಂಜಿನ್ ನಿಂತರೆ ನೆಲವೂ ಇಲ್ಲ, ಛಾವಣಿಯೂ ಇಲ್ಲ.

ಮೂರನೇ ಸೀಸನ್ನಿನ ಒಂದು ಕಾಳಗದಲ್ಲಿ ಇದರ ವರ್ಕ್‌ಶಾಪಿನ ಉಪಕರಣಗಳು ಬಿಗಿ ತಪ್ಪಿ ಹಾರಾಡುತ್ತವೆ. ನೌಕೆ ತಿರುಗಿದ ಕಡೆಗೆಲ್ಲ ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳು ಗುಂಡಿನಂತೆ ನುಗ್ಗುತ್ತವೆ. ಅದನ್ನು ನೋಡುತ್ತಾ ನಾನು ಕುರ್ಚಿಯ ಕೈ ಬಿಗಿ ಹಿಡಿದಿದ್ದೆ.

ನಮ್ಮ ಹ್ಯಾಂಗರಿನ ಗೋಡೆಗೆ ಒಂದು ಹಲಗೆ ಇತ್ತು. ಅದರ ಮೇಲೆ ಪ್ರತಿ ಉಪಕರಣದ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದಿತ್ತು. ಪಾಳಿ ಮುಗಿದಾಗ ಕೆಂಪು ಕಂಡರೆ ಏನೋ ಕಾಣೆಯಾಗಿದೆ ಎಂದರ್ಥ. ಒಂದು ಮಳೆಗಾಲದ ಸಂಜೆ ಹತ್ತು ಮಿಲಿಮೀಟರ್ ಸ್ಪ್ಯಾನರಿನ ಜಾಗ ಕೆಂಪಾಗಿತ್ತು. ಅದನ್ನು ಕೊನೆಗೆ ಹಿಡಿದವನು ನಾನೇ. ವಿಮಾನವನ್ನು ಬಿಡುವಂತಿಲ್ಲ. ಆರು ಜನ ಸೇರಿ ಮುಚ್ಚಿದ್ದ ಪ್ಯಾನೆಲ್‌ಗಳನ್ನೆಲ್ಲ ಮತ್ತೆ ಬಿಚ್ಚಿದೆವು. ಯಾರೂ ನನ್ನನ್ನು ಒಂದು ಮಾತು ಬೈಯಲಿಲ್ಲ. ರಾತ್ರಿ ಹನ್ನೊಂದೂವರೆಗೆ, ಚುಕ್ಕಾಣಿಯ ಕೇಬಲ್ ಹಾದುಹೋಗುವ ಜಾಗದಲ್ಲಿ, ಕೇಬಲ್ಲಿನಿಂದ ಒಂದು ಗೇಣು ದೂರದಲ್ಲಿ ಟಾರ್ಚಿನ ಬೆಳಕಿಗೆ ಅದು ಹೊಳೆಯಿತು. ತೋಳು ಪೂರ್ತಿ ಒಳಗೆ ಹಾಕಿ, ಕೆನ್ನೆಯನ್ನು ತಗಡಿಗೆ ಒತ್ತಿ, ಎರಡು ಬೆರಳಿನಲ್ಲಿ ಎಳೆದು ತೆಗೆದೆ. ಒರೆಸಿ, ಹಲಗೆಯ ಮೇಲಿನ ಆ ಕೆಂಪು ಆಕಾರದ ಮೇಲೆ ತೂಗುಹಾಕಿದೆ. ಆಮೇಲೆ ಪ್ಯಾನೆಲ್‌ಗಳನ್ನು ಒಂದೊಂದಾಗಿ ಮುಚ್ಚಲು ಕೂತೆವು.

ನಮಸ್ಕಾರ.