ಬಿಟ್ಟುಕೊಡುವ ಕಾಗದ

ಕೇಳುಗರೆಲ್ಲರಿಗೂ ನಮಸ್ಕಾರ. ಸರ್ಕ್ಯೂಟ್ ಬೋರ್ಡ್ ಎಂದರೆ ತಂತಿಗಳ ಬದಲು ತಾಮ್ರದ ಗೆರೆಗಳಿರುವ ಹಲಗೆ. ಆ ಗೆರೆಗಳ ಚಿತ್ರವನ್ನು ಕಾಗದದಲ್ಲಿ ಮುದ್ರಿಸಿ, ತಾಮ್ರ ಹೊದಿಸಿದ ಹಲಗೆಯ ಮೇಲೆ ಇಸ್ತ್ರಿ ಮಾಡಿ ಇಳಿಸಬಹುದು. ಮನೆಯಲ್ಲೇ ಸರ್ಕ್ಯೂಟ್ ಬೋರ್ಡ್ ಮಾಡಲು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಇಸ್ತ್ರಿ ಪೆಟ್ಟಿಗೆ ಎಷ್ಟು ಬಿಸಿ ಇರಬೇಕು ಎಂಬುದು. ಎಷ್ಟು ಹೊತ್ತು ಒತ್ತಬೇಕು ಎಂಬುದು ಎರಡನೆಯದು. ಯಾವ ಕಾಗದ ಎಂದು ಮಾತ್ರ ಕೇಳುವುದಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಮುದ್ರಿಸಿಕೊಂಡು ಬಂದಿರುತ್ತಾರೆ. ಗೆರೆಗಳು ಅರ್ಧ ತಾಮ್ರದ ಮೇಲೆ, ಅರ್ಧ ಕಾಗದದಲ್ಲಿ ಉಳಿದಾಗ ಬೈಗುಳ ತಿನ್ನುವುದು ಪಾಪದ ಇಸ್ತ್ರಿ ಪೆಟ್ಟಿಗೆ.

ಹಾಗಾಗಿ ಇವತ್ತು ನಾನು ಹೇಳುವುದು ಒಂದೇ ಮಾತು. ಈ ಕೆಲಸಕ್ಕೆ ಬೇಕಾದದ್ದು ಟೋನರನ್ನು ಹಿಡಿದುಕೊಳ್ಳುವ ಕಾಗದವಲ್ಲ, ಬಿಟ್ಟುಕೊಡುವ ಕಾಗದ.

ಲೇಸರ್ ಪ್ರಿಂಟರಿನ ಟೋನರ್ ಎಂದರೆ ಶಾಯಿಯಲ್ಲ, ಇಂಗಾಲದ ಕಪ್ಪು ಬೆರೆಸಿದ ಪ್ಲಾಸ್ಟಿಕ್ ಪುಡಿ. ಪ್ರಿಂಟರಿನೊಳಗೆ ಫ್ಯೂಸರ್ ಎಂಬ ಬಿಸಿ ಉರುಳೆ ಇರುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ. ಒಮ್ಮೆ ಕರಗಿದ್ದು ಮತ್ತೆ ಕರಗಬಲ್ಲದು. ಮುದ್ರಿಸಿದ ಹಾಳೆಯನ್ನು ತಾಮ್ರದ ಮೇಲೆ ಬೋರಲು ಹಾಕಿ ಇಸ್ತ್ರಿ ಮಾಡಿದರೆ ಅದೇ ಪುಡಿ ತಾಮ್ರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದರೆ ಗೆರೆಯ ಅಡಿಯ ತಾಮ್ರ ಉಳಿಯುತ್ತದೆ, ಮಿಕ್ಕಿದ್ದು ಕರಗಿಹೋಗುತ್ತದೆ. ಇಂಕ್‌ಜೆಟ್ ಪ್ರಿಂಟರ್ ಆಗುತ್ತದೆಯೇ? ಆಗುವುದಿಲ್ಲ. ಅದರ ಶಾಯಿಯಲ್ಲಿ ಹೀಗೆ ಕರಗಿ ಅಂಟುವ ಪ್ಲಾಸ್ಟಿಕ್ ಇಲ್ಲ. ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಇದೇನು ಹೊಸ ಉಪಾಯವೂ ಅಲ್ಲ. 1938ರ ಅಕ್ಟೋಬರ್ 22ರಂದು ಅಮೆರಿಕದ ಸಂಶೋಧಕ ಚೆಸ್ಟರ್ ಕಾರ್ಲ್‌ಸನ್ ನ್ಯೂಯಾರ್ಕಿನ ಆಸ್ಟೋರಿಯಾದಲ್ಲಿ ಜಗತ್ತಿನ ಮೊದಲ ಜೆರಾಕ್ಸ್ ಬಗೆಯ ನೆರಳಚ್ಚು ತೆಗೆದದ್ದು ಹೀಗೆಯೇ. ಗಂಧಕ ಬಳಿದ ಸತುವಿನ ಫಲಕದ ಮೇಲೆ ಮೂಡಿದ ಪುಡಿಯ ಅಕ್ಷರಗಳನ್ನು ಮೇಣದ ಕಾಗದಕ್ಕೆ ದಾಟಿಸಿ ಬಿಸಿ ಮಾಡಿದರು. ನಾವು ಕಾಗದದಿಂದ ತಾಮ್ರಕ್ಕೆ ದಾಟಿಸುತ್ತೇವೆ, ಅಷ್ಟೇ.

ಇನ್ನು ನನ್ನ ಕಥೆ. ಮೊದಲ ಬೋರ್ಡ್ ಮಾಡುವಾಗ, ದುಬಾರಿ ಕಾಗದವೇ ಒಳ್ಳೆಯ ಕಾಗದ ಎಂದುಕೊಂಡಿದ್ದೆ. ಫೋಟೋ ಮುದ್ರಿಸುವ ದಪ್ಪ ಹಾಳೆಗಳ ಒಂದು ಕಟ್ಟು ತಂದೆ. ಕಟ್ಟಿನ ಮೇಲೆ ‘ಇಂಕ್‌ಜೆಟ್‌ಗೆ ಮಾತ್ರ’ ಎಂದು ಬರೆದಿತ್ತು, ಓದಿಯೂ ಇದ್ದೆ. ಕಚೇರಿಯಲ್ಲಿ ಎಲ್ಲರೂ ಊಟಕ್ಕೆ ಹೋದ ಸಮಯ ನೋಡಿ ಅಲ್ಲಿನ ಲೇಸರ್ ಪ್ರಿಂಟರಿಗೆ ಒಂದು ಹಾಳೆ ಕೊಟ್ಟೆ. ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಹಾಲಿನ ಪ್ಯಾಕೆಟ್ ಸುಟ್ಟಂಥ ವಾಸನೆ. ಆ ಹಾಳೆಯ ಮೈಗೆ ಪಾಲಿಥೀನ್ ಲೇಪನವಿತ್ತು. ಅದು ಕರಗಿ ಫ್ಯೂಸರಿನ ಉರುಳೆಗೆ ಸುತ್ತಿಕೊಂಡಿತ್ತು. ಮುಚ್ಚಳ ತೆರೆದು ಬಿದಿರಿನ ಕಡ್ಡಿಯಿಂದ ಕೆರೆಯುತ್ತ ಕುಳಿತಿದ್ದಾಗ ಊಟ ಮುಗಿಸಿ ಬಂದ ಮೇಲಧಿಕಾರಿ ಏನೂ ಕೇಳಲಿಲ್ಲ, ಕಿಟಕಿ ತೆರೆದು ಹೋದರು. ಹೊಸ ಫ್ಯೂಸರಿನ ಹಣ ನನ್ನ ಸಂಬಳದಿಂದಲೇ ಹೋಯಿತು.

ಆ ಸಂಜೆ ಮನೆಯಲ್ಲಿ ಹಳೆಯ ವಾರಪತ್ರಿಕೆಯೊಂದರ ಹಾಳೆ ಹರಿದೆ. ಕಾರಿನ ಜಾಹೀರಾತು, ಹೊಳೆಯುವ ತೆಳು ಕಾಗದ. ಮರುದಿನ ಪರಿಚಯದವರ ಪ್ರಿಂಟರಿನಲ್ಲಿ ಕಾರಿನ ಮೇಲೆಯೇ ನನ್ನ ಸರ್ಕ್ಯೂಟನ್ನು ಮುದ್ರಿಸಿಕೊಂಡೆ. ಇಸ್ತ್ರಿ ಮಾಡಿ ಕಾಲು ಗಂಟೆ ನೀರಿನಲ್ಲಿ ನೆನೆಸಿ ಹೆಬ್ಬೆರಳಿನಿಂದ ಉಜ್ಜಿದೆ. ಕಾರು ಸುರುಳಿ ಸುರುಳಿಯಾಗಿ ಎದ್ದು ಬಂತು, ಅಡಿಯಲ್ಲಿ ಗೆರೆಗಳು ಕಪ್ಪಗೆ ಕುಳಿತಿದ್ದವು. ಕಾರಿನ ಬಣ್ಣ ತಾಮ್ರಕ್ಕೆ ಹತ್ತಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಅಚ್ಚಿನ ಶಾಯಿ ಎಂದೋ ಒಣಗಿ ಕಾಗದಕ್ಕೆ ಕಚ್ಚಿಕೊಂಡಿರುತ್ತದೆ, ಟೋನರಿನಂತೆ ಮತ್ತೆ ಕರಗುವುದಿಲ್ಲ.

ರದ್ದಿ ಕಾಗದ ಗೆದ್ದದ್ದು ಹೇಗೆ? ಸಾದಾ ಕಾಗದದಲ್ಲಿ ಟೋನರ್ ನಾರುಗಳೊಳಗೆ ಇಳಿದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹೊಳೆಯುವ ಪತ್ರಿಕೆಯ ಹಾಳೆಗೆ ಬಿಳಿ ಜೇಡಿಮಣ್ಣಿನ ತೆಳು ಲೇಪನವಿರುತ್ತದೆ. ಟೋನರ್ ಆ ಮಣ್ಣಿನ ಮೇಲೆಯೇ ನಿಲ್ಲುತ್ತದೆ. ನೀರು ತಾಗಿದಾಗ ಲೇಪನ ಸಡಿಲವಾಗಿ ಕಾಗದ ಕಳಚಿಕೊಳ್ಳುತ್ತದೆ. ಮತ್ತೆ ಹೇಳುತ್ತೇನೆ, ಬಿಟ್ಟುಕೊಡುವ ಕಾಗದ. ಇದಕ್ಕೆಂದೇ ಸಿಗುವ ಹಳದಿ ಹಾಳೆಯ ಗುಣವೂ ಅದೇ.

ಸಮಯ ಓಡುತ್ತಿದೆ, ನನ್ನ ಕಥೆಯೇ ಉದ್ದವಾಯಿತು. ಪ್ರಿಂಟರಿನ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕಪ್ಪು-ಬಿಳುಪಿನ ಲೇಸರ್ ಸಾಕು. ಟೋನರ್ ಉಳಿಸುವ ಆಯ್ಕೆಯನ್ನು ತೆಗೆದುಹಾಕಿ, ಕಪ್ಪನ್ನು ಪೂರ್ತಿ ಏರಿಸಿ. ಕೆಲವು ತಯಾರಕರ ಟೋನರ್ ಹೆಚ್ಚು ಬಿಸಿಗೆ ಮಾತ್ರ ಕರಗುತ್ತದೆ, ಇಸ್ತ್ರಿ ಪೆಟ್ಟಿಗೆಗೆ ಜಗ್ಗುವುದಿಲ್ಲ. ಅಂಥದ್ದರ ಜೊತೆ ಹಠ ಮಾಡದೆ ಬೇರೆ ಪ್ರಿಂಟರ್ ಹುಡುಕಿ. ತೆಳು ಹಾಳೆಯನ್ನು ಅಂಚು ನೇರವಾಗಿ ಕತ್ತರಿಸಿ ಒಂದೊಂದೇ ಕೊಡಿ. ಪಿನ್ ಇದ್ದರೆ ತೆಗೆದಿರಬೇಕು. ಚಿತ್ರದಲ್ಲಿ ಒಂದೆರಡು ಅಕ್ಷರ ಸೇರಿಸಿ. ಕಾಗದದ ಮೇಲೆ ಅವು ಕನ್ನಡಿಯಲ್ಲಿ ಕಂಡಂತೆ ಕಂಡರೆ ತಾಮ್ರದ ಮೇಲೆ ಸರಿಯಾಗಿ ಬರುತ್ತವೆ.

ತಾಮ್ರವನ್ನು ಪಾತ್ರೆ ಉಜ್ಜುವ ನಾರಿನಿಂದ ಉಜ್ಜಿ, ಜಿಡ್ಡು ತೆಗೆಯುವ ಅಸಿಟೋನ್ ದ್ರವದಿಂದ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಗೆರೆ ತುಂಡಾದ ಕಡೆ ಅಳಿಸಲಾಗದ ಮಾರ್ಕರಿನಿಂದ ತಿದ್ದಿ. ಫೆರಿಕ್ ಕ್ಲೋರೈಡನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿಡಿ, ಅಲ್ಯೂಮಿನಿಯಂ ಪಾತ್ರೆಯನ್ನು ಅದು ತಿಂದುಬಿಡುತ್ತದೆ. ಕೈಗವಸು ಹಾಕಿಕೊಳ್ಳಿ, ಉಳಿದ ದ್ರಾವಣವನ್ನು ಬಚ್ಚಲಿಗೆ ಸುರಿಯಬೇಡಿ. ಮತ್ತೆ, ಕಟ್ಟಿನ ಮೇಲೆ ‘ಇಂಕ್‌ಜೆಟ್‌ಗೆ ಮಾತ್ರ’ ಎಂದು ಬರೆದಿದ್ದರೆ ದಯವಿಟ್ಟು ನಂಬಿ. ನಮಸ್ಕಾರ.