ದಡದ ಮೇಲಿನ ಇದ್ದಲ ಬೆಂಕಿ

ಕೇಳುಗ ಬಂಧುಗಳಿಗೆ ನಮಸ್ಕಾರ. ಡೈರಿಗೆ ಹಾಲು ಹಾಕಿ ಬಂದು ಕಾಫಿ ಕುಡಿಯುತ್ತಿರುವವರನ್ನೂ, ರಾತ್ರಿ ಪಾಳಿ ಮುಗಿಸಿ ನಿದ್ದೆ ಹತ್ತದೆ ರೇಡಿಯೋ ಹಚ್ಚಿಕೊಂಡಿರುವವರನ್ನೂ ನೆನೆದು ಈ ಮಾತುಗಳನ್ನು ಆಡುತ್ತಿದ್ದೇನೆ. ಮಂಡ್ಯ, ಮೈಸೂರುಗಳ ಕ್ರೈಸ್ತ ಸಭೆಗಳಲ್ಲಿ ಮೂವತ್ತು ವರ್ಷ ಸಭಾಪಾಲಕನಾಗಿದ್ದ ನನ್ನ ಬಳಿಗೆ ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ: "ಅಯ್ಯನವರೇ, ನೆಮ್ಮದಿ ಸಿಗುವ ಹಾಗೆ ಪ್ರಾರ್ಥನೆ ಮಾಡಿ." ನಾನು ಪ್ರಾರ್ಥಿಸಿದ್ದೇನೆ, ಈಗಲೂ ಪ್ರಾರ್ಥಿಸುತ್ತೇನೆ. ಆದರೆ ನೆಮ್ಮದಿಯೊಂದನ್ನೇ ಕೇಳಿ ಎದ್ದು ಹೊರಡುವವರನ್ನು ಕಂಡರೆ, ಸ್ವಲ್ಪ ಕುಳಿತುಕೊಳ್ಳಿ, ನೀವು ಕೇಳಿದ್ದು ಅರ್ಧವಷ್ಟೇ ಎಂದು ತಡೆಯಬೇಕೆನಿಸುತ್ತದೆ. ಯೇಸುಸ್ವಾಮಿಯು ಕುಸಿದ ಮನುಷ್ಯನನ್ನು ಎತ್ತಿ ನಿಲ್ಲಿಸುವಾಗ ಕ್ಷಮೆಯ ಜೊತೆಗೇ ಅವನ ಕೈಗೆ ಕೆಲಸವನ್ನೂ ಕೊಡುತ್ತಾನೆ.

ಯೇಸುವಿನ ಶಿಷ್ಯನಾದ ಪೇತ್ರನನ್ನು ನೋಡಿ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಆಳುಗಳು ಇದ್ದಲ ಬೆಂಕಿ ಹಾಕಿ ಚಳಿ ಕಾಯಿಸಿಕೊಳ್ಳುತ್ತಿದ್ದರು. ಅವರ ನಡುವೆ ನಿಂತು ಪೇತ್ರನು, ಆತನನ್ನು ನಾನರಿಯೆನೆಂದು ಮೂರು ಸಲ ಹೇಳಿದನು. ಯೇಸು ಪುನರುತ್ಥಾನನಾದ ಮೇಲೆ ತಿಬೇರಿಯ ಸಮುದ್ರದ ದಡದಲ್ಲಿ, ರಾತ್ರಿಯಿಡೀ ಬಲೆ ಬೀಸಿ ದಣಿದಿದ್ದ ಶಿಷ್ಯರಿಗಾಗಿ ರೊಟ್ಟಿಯನ್ನೂ ಮೀನನ್ನೂ ಸಿದ್ಧಮಾಡಿ ಕಾದಿದ್ದನು. ಅಲ್ಲಿಯೂ ಉರಿಯುತ್ತಿದ್ದದ್ದು ಇದ್ದಲ ಬೆಂಕಿಯೇ. ಈ ಕಥೆಯನ್ನು ತನ್ನ ಸುವಾರ್ತೆಯಲ್ಲಿ ಬರೆದ ಯೋಹಾನನು ಇದ್ದಲ ಬೆಂಕಿಗೆ ಬಳಸಿರುವ ಗ್ರೀಕ್ ಪದ, ಬೈಬಲಿನ ಎರಡನೆಯ ಭಾಗವಾದ ಇಡೀ ಹೊಸ ಒಡಂಬಡಿಕೆಯಲ್ಲಿ ಈ ಎರಡೇ ಕಡೆ ಬರುತ್ತದೆ. ಊಟವಾದ ಬಳಿಕ ಯೇಸು, ನೀನು ನನ್ನನ್ನು ಪ್ರೀತಿಸುತ್ತೀಯಾ ಎಂದು ಪೇತ್ರನನ್ನು ಮೂರು ಸಲ ಕೇಳಿದನು. ಪ್ರತಿ ಉತ್ತರಕ್ಕೂ ತನ್ನ ಕುರಿಗಳನ್ನು ಕಾಯುವ ಕೆಲಸವನ್ನು ಒಪ್ಪಿಸಿದನು. ಮೊದಲು ಊಟ, ಆಮೇಲೆ ಪ್ರಶ್ನೆ, ಅದರ ಬೆನ್ನಿಗೇ ಕೆಲಸ. ಈ ಕ್ರಮವನ್ನು ಮರೆಯಬೇಡಿ.

ಇದನ್ನು ನಾನು ಕಣ್ಣಾರೆ ಕಂಡದ್ದು ಮದ್ದೂರಿನ ಕಡೆಯ ಒಂದು ಆಲೆಮನೆಯಲ್ಲಿ. ಅಣ್ಣತಮ್ಮಂದಿರಿಬ್ಬರು ಸೇರಿ ನಡೆಸುತ್ತಿದ್ದ ಆಲೆಮನೆ ಅದು. ಅಣ್ಣ ತೀರಿಕೊಂಡ ಮೇಲೆ ತಮ್ಮನು, ಅಣ್ಣ ತನ್ನ ಪಾಲಿನ ಹಣವನ್ನು ಮೊದಲೇ ತೆಗೆದುಕೊಂಡಿದ್ದನೆಂದು ಅದೇ ಆಲೆಮನೆಯ ಒಲೆಯ ಮುಂದೆ ಊರ ಹಿರಿಯರಿಗೆ ಹೇಳಿದನು. ಅದು ಸುಳ್ಳಾಗಿತ್ತು. ಎರಡು ಮಕ್ಕಳ ತಾಯಿಯಾದ ಅತ್ತಿಗೆ ಒಂದು ಮಾತನ್ನೂ ಆಡದೆ ಎದ್ದು ಹೋದಳಂತೆ. ಆ ಮೌನವನ್ನು ತಾಳಲಾರದೆ ಅವನು ಊರು ಬಿಟ್ಟು ಮೈಸೂರಿಗೆ ಬಂದು, ಕಲ್ಯಾಣ ಮಂಟಪವೊಂದರಲ್ಲಿ ರಾತ್ರಿ ಕಾವಲಿಗೆ ಸೇರಿ, ಸಂಬಳವನ್ನೆಲ್ಲ ಕುಡಿತಕ್ಕೆ ಸುರಿಯುತ್ತ ಮೂರು ವರ್ಷ ಕಳೆದನು. ನನ್ನ ಬಳಿಗೆ ಬಂದವನು ಅವನೂ ನೆಮ್ಮದಿಯನ್ನೇ ಕೇಳಿದನು. ನಾನು ಯೋಹಾನನ ಸುವಾರ್ತೆಯ ಇಪ್ಪತ್ತೊಂದನೆಯ ಅಧ್ಯಾಯವನ್ನು ಓದತೊಡಗಿದೆ. ಇದ್ದಲ ಬೆಂಕಿಯ ಮಾತು ಬಂದಾಗ ಅವನು ಕೈಯೆತ್ತಿ, "ಸಾಕು ಅಯ್ಯನವರೇ, ಇವತ್ತಿಗೂ ಬೆಂಕಿ ಹತ್ತಿರ ಕೂರೋಕೆ ನನ್ನ ಕೈಲಿ ಆಗಲ್ಲ" ಎಂದನು.

ಅವನನ್ನು ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಕೊನೆಗೊಂದು ಸಂಜೆ ಬಸ್ಸಿನಲ್ಲಿ ಅವನ ಜೊತೆ ನಾನೂ ಹೋದೆ. ಕಬ್ಬಿನ ಹಾಲು ಪಾಕಕ್ಕೆ ಬಂದು ಇಡೀ ಬಯಲು ಘಮ್ಮೆನ್ನುತ್ತಿತ್ತು. ಒಲೆಗೆ ಒಣ ಸಿಪ್ಪೆ ತುಂಬುತ್ತಿದ್ದವಳು ಆ ಅತ್ತಿಗೆಯೇ. ಇವನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವ ಮೊದಲೇ ಅವಳು ಬಾಳೆಲೆಯ ಚೂರಿನ ಮೇಲೆ ಬಿಸಿಬೆಲ್ಲ ಹಾಕಿ ಮುಂದೆ ಹಿಡಿದಳು. "ಮೊದ್ಲು ತಿನ್ನಪ್ಪ. ನಾಳೆ ಒಲೆಗೆ ಉರಿ ಹಾಕೋಕೆ ಆಳಿಲ್ಲ, ನೀನೇ ನಿಂತ್ಕೋ" ಎಂದಳು. ಅವಳಿಗೆ ಓದು ಬರುತ್ತಿರಲಿಲ್ಲ. ನಾನು ವರ್ಷಗಟ್ಟಲೆ ಕ್ರೈಸ್ತ ವೇದಶಾಸ್ತ್ರ ಓದಿ ಕಲಿತದ್ದನ್ನು ಅವಳು ಎರಡು ಮಾತಿನಲ್ಲಿ ಮಾಡಿ ತೋರಿಸಿದಳು. ಅವನು ಬೆಲ್ಲ ತಿನ್ನುತ್ತಲೇ ಅತ್ತನು, ಹಿರಿಯರೆದುರು ನಿಜ ಹೇಳಿದನು, ಆ ವರ್ಷವೇ ಅಣ್ಣನ ಮಕ್ಕಳ ಪಾಲನ್ನು ಬರವಣಿಗೆಯಲ್ಲಿ ಬಿಟ್ಟುಕೊಟ್ಟನು. ಕುಡಿತವನ್ನು ಬಿಡಲು ಇನ್ನಷ್ಟು ಕಾಲ ಬೇಕಾಯಿತು. ಒಲೆಯ ಮುಂದಿನ ಕೆಲಸವನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಈ ಒಂದು ಕಥೆಗೇ ಹೆಚ್ಚು ಸಮಯ ಹಿಡಿಯಿತು; ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಸಾವನ್ನು ಬೇಡಿ ಅಡವಿಯಲ್ಲಿ ಮಲಗಿದ ಪ್ರವಾದಿ ಎಲೀಯನಿಗೆ ದೇವರು ಮೊದಲು ನಿದ್ದೆಯನ್ನೂ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಬಳಿಕ ತನ್ನ ನಂತರದ ಪ್ರವಾದಿಯಾಗಿ ಎಲೀಷನನ್ನು ಅಭಿಷೇಕಿಸುವ ಹೊಣೆಯನ್ನು ವಹಿಸಿದನು. ನಮ್ಮ ಶ್ರೀರಂಗಪಟ್ಟಣದ ಸೀಮೆಯಲ್ಲಿಯೂ 1799ರ ಯುದ್ಧದ ನಂತರ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರು ಪೂಜೆ ಪ್ರಾರ್ಥನೆಗಳಿಗಷ್ಟೇ ನಿಲ್ಲದೆ, ಸಿಡುಬು ತಡೆಯಲು ಜನರಿಗೆ ದೇವಿ ಹಾಕಿಸುವ ಕೆಲಸಕ್ಕೂ ಇಳಿದರು. ಮುರಿದ ಸಮುದಾಯವನ್ನು ಕೂಡಿಸುವ ಕೈಗೆ ಕೆಲಸವೂ ಕೂಡಿಬಂದಿತು.

ಆದ್ದರಿಂದ ನೆಮ್ಮದಿಯನ್ನು ಕೇಳುವಾಗ, ಯಾರನ್ನು ನೋಡಿಕೊಳ್ಳಲಿ ಎಂದೂ ದಯವಿಟ್ಟು ಕೇಳಿ. ಯೋಹಾನನ ಆ ಕೊನೆಯ ಅಧ್ಯಾಯದಲ್ಲಿ ಇರುವುದು 25 ವಚನಗಳು ಮಾತ್ರ. ಇಂದು ಸಂಜೆ ಮನೆಯವರೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿ. ಓದುವಾಗ ನೀವು ಯಾರ ಮನೆಯ ಒಲೆಯ ಮುಂದೆ ಕೂರಲಾರದೆ ಇದ್ದೀರೋ ಅವರ ಮುಖ ಕಣ್ಮುಂದೆ ಬಂದರೆ, ಪುಸ್ತಕವನ್ನು ಅಲ್ಲಿಯೇ ಮಡಿಸಿಟ್ಟು ಅವರ ಮನೆಗೆ ಹೊರಡಿ. ಉಳಿದ ವಚನಗಳನ್ನು ಬಂದ ಮೇಲೆ ಓದಬಹುದು. ನಮಸ್ಕಾರ.